ಎಲ್ಲಾ ಬಂದ್ವಾ?

ಏಪ್ರಿಲ್ 28, ಭಾನುವಾರ. ಸಂಜೆ 7

ಕುರಿ ರೊಪ್ಪಕ್ಕೆ ಕೂಡಿದ್ದಾಯಿತು. ಎಂದಿನಂತೆ ನಾನೇ ಹಿಂದೆ. ತೋಳ ಹಿಡಿಯುವುದು ಹಿಂದಿನದನ್ನೇ, ಅದಕ್ಕೆ ಕಾಯುವವರ ಜಾಗ ಅದು. ಆರನೇ ವಯಸ್ಸಿನಿಂದ ಅಲ್ಲೇ ನಡೆದಿದ್ದೇನೆ.

ಜುಂಜಮ್ಮಜ್ಜಿ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದನ್ನೇ ನೋಡಿ ಒಳಗೆ ಬಿಟ್ಟಳು. ಎಷ್ಟಿವೆ ಅಂತ ಕೇಳಿದರೆ ಹೇಳಲಾರಳು. ಯಾವುದು ಬಂದಿಲ್ಲ ಅಂತ ಮಾತ್ರ ತಕ್ಷಣ ಹೇಳುತ್ತಾಳೆ. ಆಮೇಲೆ ದಿನದ ಪ್ರಶ್ನೆ: "ಎಲ್ಲಾ ಬಂದ್ವೇನಮ್ಮಿ?"

"ಬಂದ್ವಜ್ಜಿ."

ಇಷ್ಟು ಆಗದೆ ನಮ್ಮ ಮನೆಯಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ.

ನಾಳೆ ಬುಕ್ಕಾಪಟ್ಟಣದಿಂದ ಮೊದಲ ಬಸ್ಸು. ಸಿರಾದಲ್ಲಿ ಬದಲಾಯಿಸಬೇಕು. ಸೇನೆಯ ಟ್ರೇನಿಂಗಿಗೆ ಹೊರಟಿದ್ದೇನೆ: ಅಗ್ನಿವೀರ್, ಮಿಲಿಟರಿ ಪೊಲೀಸ್. ಹತ್ತೊಂಬತ್ತು ತುಂಬಿ ಎರಡು ತಿಂಗಳು. ಅಪ್ಪ ಟ್ರಂಕಿಗೆ ಬೀಗ ಹಾಕಿದ, ತೆಗೆದ, ಮತ್ತೆ ಹಾಕಿದ. ನನಗೆ ಭಯ ಇದೆ. ಬರೆಯಲು ನಾಚಿಕೆ... ಬರೆದೆ.

ಮೇ 12, ಭಾನುವಾರ

ಕೂದಲು ಹೋಯಿತು. ಕನ್ನಡಿಯಲ್ಲಿ ನೋಡಿದರೆ ನಮ್ಮಪ್ಪನೇ ನಿಂತ ಹಾಗೆ. ಬೂಟು ಇನ್ನೂ ನನ್ನ ಮಾತು ಕೇಳುತ್ತಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಸೀಟಿ, ಏಳುವುದು ನನಗೇನೂ ಹೊಸದಲ್ಲ. ಉಳಿದವರು ಶಾಪ ಹಾಕುತ್ತಾರೆ.

ಪಕ್ಕದ ಮಂಚ ಶರಣ್ಯಾಳದು. ಕೊರಟಗೆರೆಯವಳು, ಮೇಷ್ಟ್ರ ಮಗಳು. ಬಾಯಿ ಒಂದು ನಿಮಿಷ ಸುಮ್ಮನಿರುವುದಿಲ್ಲ. ನಿದ್ದೆಯಲ್ಲೂ.

ಇವತ್ತು ಅರ್ಧ ಗಂಟೆ ಫೋನ್ ಕೊಟ್ಟರು. ಅಜ್ಜಿಯ ಮೊದಲ ಮಾತು: "ಎಲ್ಲಾ ಬಂದ್ವೇನಮ್ಮಿ?" ಇಲ್ಲಿ ಕುರಿ ಇಲ್ಲ ಕಣಜ್ಜಿ ಅಂದೆ. "ನಿನ್ ಜತೇಲಿ ಓಡೋ ಹುಡ್ಗೀರನ್ನ ಕೇಳಿದ್ದು ಕಣಮ್ಮ!" ನಗು ಬಂತು. ಬಂದ್ವಜ್ಜಿ ಅಂದೆ. ಫೋನ್ ಇಟ್ಟ ಮೇಲೆ ಸ್ವಲ್ಪ ಅತ್ತೆ.

ಜೂನ್ 6, ಗುರುವಾರ

ಫೇಲ್. ಐದು ಕಿಲೋಮೀಟರ್ ಓಟ. ಹನ್ನೊಂದು ಸೆಕೆಂಡ್ ತಡ.

ಶರಣ್ಯಾ ಕೂಡ ಫೇಲ್. ನಲವತ್ತು ಜನರಲ್ಲಿ ನಾವಿಬ್ಬರೇ. ನಾಲ್ಕು ವಾರ ಬಿಟ್ಟು ಇನ್ನೊಂದು ಚಾನ್ಸ್. ಅದೂ ಹೋದರೆ ಜೂನಿಯರ್ ಬ್ಯಾಚಿಗೆ ತಳ್ಳುತ್ತಾರೆ. ರೆಲಿಗೇಟ್. ಮತ್ತೆ ಮೊದಲಿನಿಂದ. ಅಲ್ಲೂ ಆಗದಿದ್ದರೆ ಮನೆ.

ನಮಗೆ ಟ್ರೇನಿಂಗ್ ಕೊಡುವ ಉಸ್ತಾದ್ ಗಂಗಾಂಬಿಕಾ ಮೇಡಂ ಪಾವಗಡದ ಕಡೆಯವರು. ಬೈಯುವುದು ಹಿಂದಿಯಲ್ಲಿ. ಕೋಪ ಇಳಿದ ಮೇಲೆ ತೆಲುಗು ಬೆರೆತ ಊರ ಮಾತು. "ಏಮಿ ಅಮ್ಮಾಯಿ? ಉಸಿರೈತೆ, ಕಾಲೈತೆ. ಮುಗಿಸಿದ್ ಮೇಲೂ ನಿಂಗೆ ಏದುಸಿರಿಲ್ಲ. ಮತ್ತೆ ಕೊನೇಲಿ ಯಾಕೆ ಬಿದ್ದಿದೀಯ?"

ನನಗೂ ಗೊತ್ತಿಲ್ಲ ಮೇಡಂ ಅಂದೆ. ಐವತ್ತು ಸಿಟ್‌ಅಪ್ ಹೊಡೆಸಿದರು.

ಜೂನ್ 7

ಗೊತ್ತಾಯಿತು. ಹೇಳಿದ್ದು ಶರಣ್ಯಾ.

ಬೆಳಿಗ್ಗೆ ಓಟದಲ್ಲಿ ಅವಳು ನಿಂತಳು, ನಾನೂ ನಿಂತೆ. ಅವಳು ನಡೆದಳು, ನಾನೂ ನಡೆದೆ. ತಿರುಗಿ ಸೊಂಟದ ಮೇಲೆ ಕೈ ಇಟ್ಟಳು. "ಲೇ ಯಶೋದ, ನಾನೇನ್ ನಿಮ್ಮ ಕುರಿನಾ? ದಿನಾ ಬೆನ್ನಿಗೆ ಅಂಟ್ಕೊಂಡೇ ಬರ್ತೀಯಲ್ಲ!"

ನಿಜ. ನನ್ನ ಹಿಂದೆ ಯಾರಾದರೂ ಉಳಿದರೆ ಕಾಲು ತಾನಾಗಿ ನಿಧಾನವಾಗುತ್ತದೆ. ಬೇಕಂತ ಅಲ್ಲ. ಅವಳ ಮೇಲಿನ ಪ್ರೀತಿಯಿಂದಲೂ ಅಲ್ಲ. ಬೆನ್ನ ಹಿಂದೆ ಬಯಲು ಖಾಲಿ ಇರಬೇಕು, ಅಷ್ಟೇ. ಇಲ್ಲದಿದ್ದರೆ ಕುತ್ತಿಗೆ ತಿರುಗುತ್ತಲೇ ಇರುತ್ತದೆ.

ಇದನ್ನು ಉಸ್ತಾದ್‌ಗೆ ಹೆಂಗೆ ಹೇಳುವುದು?

ಜೂನ್ 9, ಭಾನುವಾರ

ಅಜ್ಜಿಗೆ ಹೇಳಿದೆ. ಫೇಲಾದದ್ದು, ಹಿಂದೆ ಓಡುವುದು, ಎಲ್ಲ.

"ಸಿರಾ ರೋಡ್ ದಾಟ್ಸುವಾಗ ನಾನೆಲ್ಲಿರ್ತಿದ್ದೆ?" ಅಂದಳು.

"ಮುಂದೆ."

"ಯಾಕೆ?"

"ಲಾರಿ ಬರ್ತವೆ. ನೀನು ಮುಂದೆ ನಿಂತು ಕೂಗಿದ್ರೆ ಎಲ್ಲಾ ನಿನ್ ಹಿಂದೆ ಓಡಿ ಬರ್ತವೆ."

"ಅಂಗೇ ಮಾಡು. ಹಿಂದಿದ್ರೇನೇ ಕಾಯೋದು ಅಂತ ಯಾರ್ ಹೇಳಿದ್ರು ನಿಂಗೆ? ನಾನಂತೂ ಹೇಳಿಲ್ಲ." ಫೋನ್ ಅಪ್ಪನ ಕೈಗೆ ಕೊಟ್ಟಳು. ಅಪ್ಪ "ಹೂಂ" ಅಂದ. ಅರ್ಧ ಗಂಟೆ ಮುಗಿಯಿತು.

ಜೂನ್ 20

ಹತ್ತು ದಿನದಿಂದ ಮುಂದೆ ಓಡುತ್ತಿದ್ದೇನೆ. ಶರಣ್ಯಾಳಿಗೆ ಹತ್ತು ಹೆಜ್ಜೆ ಮುಂದೆ. ಕುರಿ ಕರೆಯುವ ಹಾಗೆ ಕೂಗುತ್ತೇನೆ: ಹುರ್ರ್ರ್... ಬಾಬಾಬಾ. ಮೊದಲ ದಿನ ಅವಳು ನಕ್ಕು ನಕ್ಕು ರಸ್ತೆಯಲ್ಲೇ ಕೂತುಬಿಟ್ಟಳು. ಈಗ ಕೂಗು ನಿಲ್ಲಿಸಿದರೆ "ಕೂಗೇ!" ಅನ್ನುತ್ತಾಳೆ. ಇಬ್ಬರದೂ ಟೈಮ್ ಇಳಿದಿದೆ.

ಉಸ್ತಾದ್ ದೂರದಲ್ಲಿ ನಿಂತು ಕೇಳಿಸಿಕೊಂಡರು. ಮುಖ ಆ ಕಡೆ ತಿರುಗಿಸಿಕೊಂಡರು. ನಕ್ಕಿರಬೇಕು.

ಜುಲೈ 4, ಗುರುವಾರ. ರಾತ್ರಿ 8

ಪಾಸ್.

ಟೆಸ್ಟಿನಲ್ಲಿ ಕೂಗುವ ಹಾಗಿಲ್ಲ. ಸುಮ್ಮನೆ ಓಡಿದೆ. ಹಿಂದೆ ಅವಳ ಬೂಟಿನ ಸದ್ದು, ಮೂರನೇ ಕಿಲೋಮೀಟರ್ ದಾಟುವವರೆಗೂ ಇತ್ತು. ಆಮೇಲೆ ಏನೋ ಬಿದ್ದ ಸದ್ದು. "ಯಶೂ" ಅಂತ ಒಂದು ಸಲ.

ಕಾಲು ನಿಧಾನವಾಯಿತು. ಎರಡು ಹೆಜ್ಜೆ, ಮೂರು. ತಿರುಗಲಿಲ್ಲ. ಓಡಿದೆ.

ಗೆರೆ ದಾಟಿದಾಗ ಖುಷಿಯಾಯಿತು. ಮೊದಲು ಆದದ್ದು ಖುಷಿಯೇ. ಇಲ್ಲಿ ಸುಳ್ಳು ಬರೆದು ಏನು ಮಾಡಲಿ. ಆಮೇಲೆ ತಿರುಗಿ ನೋಡಿದೆ. ರಸ್ತೆ ಖಾಲಿ.

ಕಾಲು ಉಳುಕಿದೆಯಂತೆ. ಕುಂಟಿಕೊಂಡೇ ಬಂದು ಮುಗಿಸಿದಳು. ಟೈಮ್ ಮೀರಿತ್ತು.

ಜುಲೈ 5

ಶರಣ್ಯಾ ಟ್ರಂಕ್ ತುಂಬಿದಳು. ನಾನು ಹಾಸಿಗೆ ಸುತ್ತಿ ಕೊಟ್ಟೆ. ಬಾಯಿ ಸುಮ್ಮನಿರದ ಹುಡುಗಿ ಒಂದು ಮಾತೂ ಆಡಲಿಲ್ಲ. ಬಾಗಿಲ ಹತ್ತಿರ, ನನ್ನ ಕಡೆ ನೋಡದೆ: "ನೀನ್ ನಿಂತಿದ್ರೆ ಇಬ್ರೂ ಹೋಗ್ತಿದ್ವಿ. ಮುಖ ಹಂಗ್ ಮಾಡ್ಬೇಡ."

ಸರಿಯಾಗಿಯೇ ಹೇಳಿದಳು. ಆದರೂ ಚುಚ್ಚಿತು.

ಸಂಜೆ ಫಾಲ್‌ಇನ್. ಸಾಲಾಗಿ ನಿಲ್ಲಿಸಿ ಎಣಿಸಿದರು. ಮೂವತ್ತೊಂಬತ್ತು. ಸರಿಯಾಗಿದೆ ಅಂದರು.

ಜುಲೈ 14, ಭಾನುವಾರ. ಸಂಜೆ 4.40

ಹೋದ ಭಾನುವಾರ ಫೋನ್ ಮಾಡಲಿಲ್ಲ. ತಲೆನೋವು ಅಂತ ಮಲಗಿದ್ದೆ. ತಲೆನೋವಿರಲಿಲ್ಲ. ಅಜ್ಜಿ ಕೇಳುವ ಪ್ರಶ್ನೆ ಗೊತ್ತಿತ್ತು.

ಹತ್ತು ದಿನವಾಯಿತು, ಶರಣ್ಯಾಳನ್ನು ನೋಡಲು ಹೋಗಿಲ್ಲ. ಜೂನಿಯರ್ ಬ್ಯಾರಕ್ ಇರುವುದು ಮೈದಾನದ ಆಚೆ. ಅಷ್ಟೇ ದೂರ. ಮೆಸ್ಸಿನಲ್ಲಿ ಅವರ ಸಾಲು ಬಂದರೆ ತಟ್ಟೆ ನೋಡುತ್ತಾ ಕೂರುತ್ತೇನೆ. ಪಾಸಾದದ್ದು ನಾನು, ಮುಖ ತಪ್ಪಿಸುತ್ತಿರುವುದೂ ನಾನೇ.

ಇವತ್ತು ಫೋನ್ ಮಾಡಿದೆ. ಪಾಸಾದೆ ಅಂದೆ. ಅಪ್ಪ ಎರಡು ಸಲ "ಹೂಂ" ಅಂದ. ಆಮೇಲೆ ಅಜ್ಜಿ.

"ಎಲ್ಲಾ ಬಂದ್ವೇನಮ್ಮಿ?"

"ಇಲ್ಲಜ್ಜಿ. ಒಂದು ಹಿಂದೆ ಉಳ್ಕಂತು."

ರೊಪ್ಪದಲ್ಲಿ ಮರಿ ಅರಚುವುದು ಕೇಳಿಸಿತು.

"ಎಲ್ಲೈತೆ ಅಂತ ಗೊತ್ತೈತಾ?"

"ಗೊತ್ತು."

"ಗೊತ್ತಿಟ್ಕಂಡು ನನ್ ತಾವ ಏನೇ ಮಾತು? ಹೋಗಿ ನೋಡ್ಕಂಡ್ ಬಾ, ಹೋಗು!"

ಕಟ್ ಮಾಡಿದಳು. ನನಗೆ ಇನ್ನೂ ಇಪ್ಪತ್ತು ನಿಮಿಷ ಫೋನ್ ಟೈಮ್ ಉಳಿದಿತ್ತು.

5.10

ಉಸ್ತಾದ್ ಹತ್ತಿರ ಪರ್ಮಿಷನ್ ಕೇಳಿದೆ. ಜೂನಿಯರ್ ಬ್ಯಾರಕ್‌ಗೆ ಯಾಕೆ ಅಂದರು. ಶರಣ್ಯಾ ಅಂದೆ. ವಾಚ್ ನೋಡಿದರು. "ಹತ್ತೇ ನಿಮಿಷ. ಓಡ್ಕೊಂಡ್ ಹೋಗು. ಅಲ್ಲಿ ಹೋಗಿ ಕುರಿ ಕೂಗು ಕೂಗ್ಬೇಡ ಮತ್ತೆ."

ಬೂಟಿನ ಒಂದು ಲೇಸ್ ಕಟ್ಟಿದೆ. ಇನ್ನೊಂದು ಕಟ್ಟಬೇಕು. ಬಾಗಿಲಲ್ಲಿ ನಿಂತು ಮೊದಲು ಏನು ಹೇಳಲಿ? ಸಾರಿ ಅಂದರೆ ಬೈಯುತ್ತಾಳೆ. ಸುಮ್ಮನೆ ನಿಂತರೆ ಇನ್ನೂ ಬೈಯುತ್ತಾಳೆ. ಬೈಯಲಿ. ಕಾಲು ಹೆಂಗಿದೆ ಅಂತ ಕೇಳಿ, ನಾಳೆಯಿಂದ ಸಂಜೆ ಹೊತ್ತು ನಾನು ಮುಂದೆ, ನೀನು ಹಿಂದೆ ಓಡೋಣ ಅನ್ನುತ್ತೇನೆ. ಹೊರಟೆ.