ನೀನು ‘ಬಿಡು’ ಅಂದದ್ದು

ಜುಲೈ ೧೪, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಸೂಜಿ,

ನೀನೂ ನಿನ್ನ ಯಜಮಾನರೂ ಆರೋಗ್ಯವಾಗಿದ್ದೀರಿ ಅಂದುಕೊಂಡು ಶುರುಮಾಡುತ್ತೇನೆ. ಅವರ ಕೆಮ್ಮು ಕಡಿಮೆಯಾಯಿತೇ? ನಿನ್ನ ಕಾಗದ ಕೈಸೇರಿ ಮೂರು ವಾರವಾಯಿತು. ಬೈಯುವುದಿದ್ದರೆ ಇಲ್ಲೇ ನಿಂತು ಬೈದು ಮುಗಿಸು, ಆಮೇಲೆ ಮುಂದೆ ಓದು. ನೀನು ಎರಡು ಸಲ ಫೋನ್ ಮಾಡಿ, “ಏನೇ ಏಣಿ, ನನ್ನ ಕಾಗದ ತಲುಪ್ತೋ ಇಲ್ವೋ?” ಅಂದಾಗಲೂ ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಅಂತ ನೆಪ ಹೇಳಿ ಫೋನ್ ಇಟ್ಟೆ. ಹಾಲೂ ಇರಲಿಲ್ಲ, ಒಲೆಯೂ ಹೊತ್ತಿರಲಿಲ್ಲ. ಇದನ್ನು ಫೋನಿನಲ್ಲಿ ಹೇಳಲು ಹೋದರೆ ಬಾಯಿ ಕಟ್ಟುತ್ತದೆ. ಅದಕ್ಕೇ ನಮ್ಮವರನ್ನು ತರಕಾರಿಗೆ ಅಟ್ಟಿ, ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರವಿಕೊಂಡು ಕೂತಿದ್ದೇನೆ.

ಮೊದಲು ಸಿಹಿ ಸುದ್ದಿ. ನಿನ್ನ ಮಗಳು ಆಯ್ಕೆಯಾಗಿದ್ದಾಳೆ. ನಮ್ಮ ಮೀಟರ್ ಕಾರ್ಖಾನೆಯ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಈ ವರ್ಷ ಇದ್ದದ್ದು ಒಂದೇ ಜಾಗ. ಬಂದವರು ಮೂವತ್ತು ಹುಡುಗಿಯರು. ಆಯ್ಕೆಗೆ ನಾವು ಮೂವರು ಕೂತಿದ್ದೆವು. ಅವಳ ಹೆಸರು ಕರೆದಾಗ ನಾನು ಅಂಕದ ಹಾಳೆಯನ್ನು ಪಕ್ಕಕ್ಕೆ ಸರಿಸಿ, “ಇವಳು ನನ್ನ ಗೆಳತಿ ಮಗಳು, ನಾನು ಅಂಕ ಹಾಕಲ್ಲ” ಅಂದುಬಿಟ್ಟೆ. ಉಳಿದ ಇಬ್ಬರೂ, ಒಬ್ಬರ ಹಾಳೆ ಒಬ್ಬರು ನೋಡದೆ, ಅವಳನ್ನೇ ಮೊದಲು ಬರೆದಿದ್ದರು. ಆದ್ದರಿಂದ ಈ ಕೆಲಸಕ್ಕೆ ನನಗೆ ಋಣಿಯಾಗುವ ಪ್ರಮೇಯವೇ ಇಲ್ಲ. ಆಟದ ಜೊತೆಗೆ ಕಾಯಂ ನೌಕರಿ. ಆದೇಶ ಈ ವಾರ ನಿನ್ನ ಮನೆಗೆ ಬರುತ್ತದೆ, ತಿಂಗಳ ಕೊನೆಯೊಳಗೆ ಅವಳು ಬಂದು ಸೇರಿಕೊಳ್ಳಬೇಕು.

ನಿನ್ನ ಕಾಗದದಲ್ಲಿ ನೀನು ಕೇಳಿದ್ದು ಅದಲ್ಲ ಅಂತ ಗೊತ್ತು. “ಆಯ್ಕೆ ಆದ್ರೆ ಅವಳನ್ನ ಹಾಸ್ಟೆಲ್‌ಗೆ ಕಳಿಸಬೇಡ, ನಿನ್ನ ಮನೇಲೇ ಒಂದು ಮೂಲೆ ಕೊಡು. ನನ್ನ ಮೇಲಿರೋದಕ್ಕಿಂತ ಹೆಚ್ಚು ನಂಬಿಕೆ ನನಗೆ ನಿನ್ನ ಮೇಲಿದೆ” ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ದಿನಕ್ಕೆ ಎರಡು ಸಲ ತೆಗೆದು ಓದುತ್ತಿದ್ದೇನೆ. ನಮ್ಮವರಂತೂ ಆಗಲೇ ಚಿಕ್ಕ ಕೋಣೆ ಖಾಲಿ ಮಾಡಿ, ಬೀರುವಿಗೆ ಹೊಸ ಹಿಡಿ ಹಾಕಿ, “ಮಗಳು ಬರ್ತಾಳೆ” ಅಂತ ಬೀದಿಯವರಿಗೆಲ್ಲ ಸಾರಿದ್ದಾರೆ. ನಮಗೆ ಮಕ್ಕಳಿಲ್ಲ, ಅವರ ಸಂಭ್ರಮ ನಿನಗೆ ಅರ್ಥವಾಗುತ್ತದೆ. ನನಗೂ ಅವಳು ಬರಲಿ ಅಂತ ಆಸೆ, ಬಹಳ ಆಸೆ. ಆದರೆ ನಾನು ಎಂಥವಳು ಅಂತ ತಿಳಿಯದೆ ನೀನು ಅವಳನ್ನು ನನ್ನ ಮನೆಗೆ ಕಳಿಸಬಾರದು.

ಇಲ್ಲಿ ನಾನು ಹೇಗಿದ್ದೇನೆ ಅಂತ ನಿನಗೆ ಅರ್ಧ ಮಾತ್ರ ಗೊತ್ತು. ಆಡಿದ್ದು ಎಂಟು ವರ್ಷ. ಬಲಮೊಣಕಾಲು ಕೈಕೊಟ್ಟ ಮೇಲೆ ಮೀಟರ್ ಪರೀಕ್ಷೆ ವಿಭಾಗ, ಅಲ್ಲಿಂದ ದಾಖಲೆ ಕೋಣೆ. ಮೇಲಿನ ಅಟ್ಟದಿಂದ ಕಡತ ಬೇಕಾದರೆ ಸ್ಟೂಲ್ ಹುಡುಕುವವರೇ ಇಲ್ಲ, ನನ್ನನ್ನೇ ಕೂಗುತ್ತಾರೆ. ನೀನು ಇಟ್ಟ ಹೆಸರು ಕೊನೆಗೂ ಉಪಯೋಗಕ್ಕೆ ಬಂತು ನೋಡು. ಮೆಟ್ಟಿಲನ್ನು ಮಾತ್ರ ಈಗ ಒಂದೊಂದಾಗಿ, ಕಂಬಿ ಹಿಡಿದು ಇಳಿಯುತ್ತೇನೆ. ಹಿಂದೆ ಬರುವ ಹುಡುಗಿಯರು ಪಾಪ, ಅವಸರವಿದ್ದರೂ ಕಾಯುತ್ತಾರೆ.

ಕಾರ್ಖಾನೆಯ ಮನರಂಜನಾ ಕೊಠಡಿಯಲ್ಲಿ ನನ್ನದೊಂದು ಫೋಟೋ ಇದೆ, ಕಾಲೇಜು ಫೈನಲ್‌ನಲ್ಲಿ ಕಪ್ ಹಿಡಿದು ನಿಂತದ್ದು. ಪ್ರತಿ ವರ್ಷ ಹೊಸಬರು ಸೇರಿದ ದಿನ ಅದರ ಕೆಳಗೆ ನನ್ನನ್ನು ನಿಲ್ಲಿಸಿ, ‘ಕೊನೆಯ ಆರು ಸೆಕೆಂಡ್’ ಕಥೆ ಹೇಳಿಸುತ್ತಾರೆ. ಇಪ್ಪತ್ತಾರು ವರ್ಷ ಹೇಳಿ ಹೇಳಿ ನುಣುಪಾಗಿದೆ ಕಣೇ. ಮೊದಮೊದಲು ಅದರಲ್ಲಿ ನೀನೂ ಇದ್ದೆ. ವರ್ಷ ಕಳೆದಂತೆ ನಿನ್ನ ಭಾಗ ಸಣ್ಣದಾಗುತ್ತ ಬಂತು, ಈಗ ನಾಲ್ಕೈದು ವರ್ಷದಿಂದ ನೀನು ಕಥೆಯಲ್ಲೇ ಇಲ್ಲ.

ಆಯ್ಕೆಯ ದಿನ ಆದದ್ದು ಇಷ್ಟು. ಹುಡುಗಿಯರನ್ನು ಐದೈದು ಜನರ ತಂಡ ಮಾಡಿ ಆಡಿಸಿದೆವು. ಒಬ್ಬರ ಪರಿಚಯ ಒಬ್ಬರಿಗಿಲ್ಲ. ನಿನ್ನ ಮಗಳು ನಿನ್ನಷ್ಟೇ ಕುಳ್ಳಿ, ನಿನ್ನ ಹಾಗೇ ಸಂದಿ ಸಿಕ್ಕಲ್ಲೆಲ್ಲ ನುಗ್ಗುತ್ತಾಳೆ. ಚೆಂಡು ಒಬ್ಬ ಎತ್ತರದ ಹುಡುಗಿಯ ಕೈಯಲ್ಲಿತ್ತು, ಅವಳ ಮುಂದೆ ಇಬ್ಬರು ಗೋಡೆ ಕಟ್ಟಿದ್ದರು. ನಿನ್ನ ಮಗಳು ಅವರ ಬೆನ್ನ ಹಿಂದೆ ಖಾಲಿ ಜಾಗಕ್ಕೆ ಹಾರಿ, “ಬಿಡು!” ಅಂತ ಕೂಗಿದಳು. ಸೂಜಿ, ನಿನ್ನದೇ ದನಿ. ಆ ಹುಡುಗಿ ಯೋಚನೆಯನ್ನೇ ಮಾಡಲಿಲ್ಲ, ಇಬ್ಬರ ನಡುವಿನಿಂದ ನೆಲಕ್ಕೆ ಪುಟಿಸಿ ಚೆಂಡು ಬಿಟ್ಟಳು, ನಿನ್ನ ಮಗಳು ಎತ್ತಿ ಬುಟ್ಟಿಗೆ ಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪೆನ್ನಿನ ಮುಚ್ಚಳ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ. ಮುಖ ತೋರಿಸುವ ಹಾಗಿರಲಿಲ್ಲ.

ನಮ್ಮ ಮಾಸ್ತರು ಮೂರು ಮಾತು ಕಲಿಸಿದ್ದರಲ್ಲ. ‘ಕೊಡು’ ಅಂದರೆ ಕೈಗೆ ಎಸೆ. ‘ಹೊಡಿ’ ಅಂದರೆ ನೀನೇ ಬುಟ್ಟಿಗೆ ಹಾಕು. ‘ಬಿಡು’ ಅಂದರೆ ನಾನು ಖಾಲಿ ಜಾಗಕ್ಕೆ ಓಡುತ್ತಿದ್ದೇನೆ, ನನ್ನನ್ನು ನೋಡದೆಯೇ ಚೆಂಡನ್ನು ಅಲ್ಲಿಗೆ ಬಿಡು. ಪಿಯುಸಿಯಿಂದ ಮೂರು ವರ್ಷ ನೀನು ‘ಬಿಡು’ ಅಂದೆ, ನಾನು ಬಿಟ್ಟೆ.

ಫೈನಲ್‌ನಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ಆರು ಸೆಕೆಂಡ್ ಉಳಿದಿತ್ತು. ಈ ಕಾರ್ಖಾನೆಯ ಕ್ರೀಡಾಧಿಕಾರಿ, ದಪ್ಪ ಕನ್ನಡಕದ ಸಾಹೇಬರು, ಆಟಗಾರ್ತಿಯನ್ನು ಆರಿಸಲು ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ನಮ್ಮಿಬ್ಬರಿಗೂ ಅದು ಗೊತ್ತಿತ್ತು. ನಿಮ್ಮ ಮನೆಯಲ್ಲಿ ನಿನ್ನನ್ನು ಮುಂದೆ ಓದಿಸುವವರಿರಲಿಲ್ಲ, ನೌಕರಿ ಸಿಕ್ಕರೆ ಮಾತ್ರ ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸುತ್ತೇನೆ ಅಂತ ನೀನು ಬೆಳಿಗ್ಗೆ ತಾನೇ ಬೂಟಿನ ಲೇಸ್ ಕಟ್ಟುತ್ತ ಹೇಳಿದ್ದೆ. ಚೆಂಡು ನನ್ನ ಕೈಯಲ್ಲಿತ್ತು. ಇಬ್ಬರು ನನ್ನನ್ನು ಮುತ್ತಿದ್ದರು. ನೀನು ಬುಟ್ಟಿಯ ಕೆಳಗೆ ಒಬ್ಬಳೇ, ಎರಡೂ ಕೈ ಚಾಚಿ, “ಬಿಡು! ಬಿಡು!” ಅಂದೆ. ನಾನು ಬಿಡಲಿಲ್ಲ. ಅವರಿಬ್ಬರ ತಲೆಯ ಮೇಲಿಂದ ನಾನೇ ಹೊಡೆದೆ. ಚೆಂಡು ಬುಟ್ಟಿಯ ಬಳೆಯ ಮೇಲೆ ಒಂದು ಸುತ್ತು ಉರುಳಿ ಒಳಗೆ ಬಿತ್ತು, ನಾವು ಗೆದ್ದೆವು. ಗೆದ್ದ ಮೇಲೆ ಯಾರು ಯಾರನ್ನು ಕೇಳುತ್ತಾರೆ?

ಕೇಳಿದವಳು ನೀನೊಬ್ಬಳೇ. ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ, “ಕೂಗಿದ್ದು ಕೇಳಿಸ್ಲಿಲ್ವೇನೇ?” ಅಂದೆ. ನಾನು ಬಾಯಿಗೆ ಬಂದದ್ದನ್ನು ಹೇಳಿದೆ: “ಕೇಳಿಸ್ತು. ‘ನನ್ನ ಬಿಡು, ನೀನೇ ಹೊಡಿ’ ಅಂತಿದೀಯ ಅಂದ್ಕೊಂಡೆ.” ನೀನು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ನಕ್ಕೆ. “ಹೌದಲ್ವಾ, ಹಾಗೂ ಆಗುತ್ತೆ. ಹೋಗ್ಲಿ ಬಿಡು” ಅಂದೆ. ನೀನೇ ಹೋಗಿ ಮಾಸ್ತರಿಗೆ ಹೇಳಿದೆ, ಅವರು ಗಂಭೀರವಾಗಿ ತಲೆಯಾಡಿಸಿ, ಆ ಮಾತಿಗೆ ಎರಡರ್ಥ ಬರುತ್ತದೆ, ಇನ್ನುಮುಂದೆ ‘ಕೆಳಗೆ’ ಅನ್ನಿ ಅಂತ ಆಜ್ಞೆ ಹೊರಡಿಸಿದರು. ನನ್ನ ಸುಳ್ಳಿನಿಂದಾಗಿ ನಮ್ಮ ಕಾಲೇಜಿನ ಕಿರಿಯರೆಲ್ಲ ಒಂದು ಒಳ್ಳೆಯ ಮಾತನ್ನೇ ಕಳೆದುಕೊಂಡರು. ನೀನು ಮಾತ್ರ ಅದನ್ನು ಮನೆಗೆ ಒಯ್ದು ಮಗಳಿಗೆ ಕಲಿಸಿದ್ದೀಯ.

ಅದಕ್ಕೆ ಎರಡರ್ಥ ಇರಲಿಲ್ಲ ಸೂಜಿ. ಮೊನ್ನೆ ಅಂಕಣದಲ್ಲಿ, ಹೆಸರೂ ಗೊತ್ತಿಲ್ಲದ ಹುಡುಗಿಗೆ ಅದು ಒಂದೇ ಕೂಗಿಗೆ ಅರ್ಥವಾಯಿತು. ಮೂರು ವರ್ಷ ನಿನ್ನ ಜೊತೆ ಆಡಿದವಳಿಗೆ ಆಗಲಿಲ್ಲ ಅಂದರೆ ಯಾರು ನಂಬುತ್ತಾರೆ? ನಾನು ಕೇಳಿಸಿಕೊಂಡೆ. ನಿನ್ನನ್ನು ನೋಡಿದೆ ಕೂಡ. ಬಿಟ್ಟರೆ ಎರಡು ಅಂಕ ನಿನ್ನದಾಗುತ್ತದೆ, ಸಾಹೇಬರು ಬರೆದುಕೊಳ್ಳುವುದು ನಿನ್ನ ಹೆಸರನ್ನು ಅಂತ ಆ ಆರು ಸೆಕೆಂಡಿನಲ್ಲಿ ನನಗೆ ಸ್ಪಷ್ಟವಾಗಿ ಹೊಳೆಯಿತು. ಅದು ಅವಸರದಲ್ಲಿ ಆದ ತಪ್ಪಲ್ಲ. ನಾನು ಬೇಕೆಂದೇ ಮಾಡಿದ್ದು.

ನನಗೆ ನೌಕರಿಯ ಆದೇಶ ಬಂದಾಗ ನನಗಿಂತ ಹೆಚ್ಚು ಕುಣಿದವಳು ನೀನು. “ಇದ್ದದ್ದೊಂದು ಹುದ್ದೆ, ನಿನಗೇ ಬಂತು. ಬೇರೆ ಯಾರಿಗಾದ್ರೂ ಹೋಗಿದ್ರೆ ಹೊಟ್ಟೆ ಉರೀತಿತ್ತು ನೋಡು” ಅಂದೆ. ನಿಲ್ದಾಣಕ್ಕೆ ಬಂದು ನನ್ನ ಪೆಟ್ಟಿಗೆಯನ್ನು ನೀನೇ ಬಸ್ಸಿನೊಳಗಿನ ಮೇಲಿನ ಹಲಗೆಗೆ ಹತ್ತಿಸಿದೆ, ಅದೂ ತುದಿಗಾಲಲ್ಲಿ ನಿಂತು. ಅದೇ ವರ್ಷ ನೀನು ಓದು ನಿಲ್ಲಿಸಿ ಬಟ್ಟೆ ಅಂಗಡಿಗೆ ಸೇರಿದೆ. ಇವತ್ತಿಗೂ ಅದೇ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತು ಥಾನು ಬಿಚ್ಚಿ ಸುತ್ತುತ್ತೀಯ. ಕಾಲು ಊದಿಕೊಳ್ಳುತ್ತದೆ ಅಂತ ನೀನು ಬರೆದಾಗಲೆಲ್ಲ, ನಾನು ಕುರ್ಚಿಯಲ್ಲಿ ಕೂತು, “ರಾತ್ರಿ ಬಿಸಿನೀರಲ್ಲಿ ಇಡು” ಅಂತ ಉತ್ತರ ಬರೆದಿದ್ದೇನೆ. ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಕ್ಷಮಿಸು ಅಂತ ಕೇಳಲು ಧೈರ್ಯವಿಲ್ಲ. ನಾನು ಕೇಳುವುದು ಒಂದೇ. ನನ್ನ ಮೇಲಿನ ಕೋಪಕ್ಕೆ ಮಗಳ ಕೆಲಸ ತಪ್ಪಿಸಬೇಡ. ಅದು ಅವಳು ಆಡಿ ಗಳಿಸಿದ್ದು. ಹಾಸ್ಟೆಲ್ ಕಾರ್ಖಾನೆಯ ಗೇಟಿನ ಎದುರಿಗೇ ಇದೆ, ಒಳ್ಳೆಯದಿದೆ, ನಾನೇ ಹೋಗಿ ಕೋಣೆ, ಸ್ನಾನದ ಮನೆ ಎಲ್ಲ ನೋಡಿ ಬಂದೆ. ಎರಡನೆಯ ಮಹಡಿಯಲ್ಲಿ ಕಿಟಕಿ ಪಕ್ಕದ ಮಂಚವೊಂದು ಖಾಲಿಯಿದೆ, ಮೇಲ್ವಿಚಾರಕಿಗೆ ಹೇಳಿಟ್ಟಿದ್ದೇನೆ. ನೀನು ಅಲ್ಲಿಗೇ ಕಳಿಸಿದರೆ ನಮ್ಮವರಿಗೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ. ಇಲ್ಲ, ನಿಜವನ್ನೇ ಹೇಳುತ್ತೇನೆ. ಅವಳಿಗೆ ಇದನ್ನು ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು.

ಮಗಳಿಗೆ ನನ್ನ ಆಶೀರ್ವಾದ. ಅವಳ ಕಾಲು ಗಟ್ಟಿಯಾಗಿರಲಿ, ಜೊತೆಗೆ ಆಡುವವರು ಒಳ್ಳೆಯವರಾಗಿರಲಿ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು.

ಇನ್ನೂ ಹಾಗೆ ಕರೆಯುವುದಾದರೆ,
ನಿನ್ನ ಏಣಿ

ತಾ.ಕ. ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಲು ಹೊರಟವಳು ಮತ್ತೆ ಕೂತಿದ್ದೇನೆ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮತ್ತೊಂದು ಸುಳ್ಳು ಹೇಳಿದ ಹಾಗೆ. ಆ ವರ್ಷ ಇದ್ದದ್ದು ಒಂದು ಹುದ್ದೆಯಲ್ಲ ಸೂಜಿ, ಎರಡು. ಕಪ್ ಕೊಟ್ಟಾದ ಮೇಲೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, “ಬುಟ್ಟಿ ಕೆಳಗೆ ಕೈ ಚಾಚಿಕೊಂಡು ನಿಂತಿದ್ಲಲ್ಲ, ಆ ಕುಳ್ಳಿ. ಅವಳಿಗೂ ಕಾಗದ ಕಳಿಸೋಣ ಅಂತಿದೀನಿ, ಬರ್ತಾಳಾ?” ಅಂತ ಕೇಳಿದರು. ನಾನು, “ಅವಳನ್ನ ಬಿಡಿ ಸಾರ್, ಅವಳಿಗೆ ಮದುವೆ ಗೊತ್ತಾಗಿದೆ” ಅಂದೆ. ನಿನಗೆ ಮದುವೆ ಗೊತ್ತಾದದ್ದು ಒಂದೂವರೆ ವರ್ಷದ ಮೇಲೆ. ನೀನೂ ಇಲ್ಲಿಗೆ ಬಂದರೆ ನನ್ನ ಆಟ ನಡೆದದ್ದೆಲ್ಲ ನಿನ್ನ ಓಟದಿಂದ ಅಂತ ಎಲ್ಲರಿಗೂ ತಿಳಿದುಹೋಗುತ್ತದೆ ಅಂತ ಹೆದರಿದೆ. ಆ ಎರಡನೆಯ ಹುದ್ದೆ ಆ ವರ್ಷವಿಡೀ ಖಾಲಿಯಿತ್ತು. ಸಾಹೇಬರು ಹೋದ ವರ್ಷ ತೀರಿಕೊಂಡರು, ಈಗ ಇದು ಗೊತ್ತಿರುವವಳು ನಾನೊಬ್ಬಳೇ. ನೀನು ಬೈದು ಬರೆ, ಬರೆಯದೆಯೇ ಇರು, ಏನಾದರೂ ಮಾಡು. ಇದಕ್ಕೆ ಮಾತ್ರ ‘ಹೋಗ್ಲಿ ಬಿಡು’ ಅನ್ನಬೇಡ.