ಯಾರ ಒಲೆಯಲ್ಲಿತ್ತು?

ಸುಧಾಳ ಅಪ್ಪನಿಗೆ,

ಇವತ್ತು ಶನಿವಾರದ ಒಪ್ಪೊತ್ತು. ಡೈರಿಗೆ ಹಾಲು ಹಾಕಿ, ಹೆಬ್ಬೂರಿನ ಬಸ್ಸಿನಲ್ಲಿ ತುಮಕೂರಿನ ಆಸ್ಪತ್ರೆಗೆ ಹೋಗಿದ್ದೆ. ನನ್ನ ಗರ್ಭಕೋಶದ ಬಾಯಲ್ಲಿ ವೈರಸ್ ಇದೆಯಂತೆ.

"ಅದಕ್ಕೆ ಸ್ವಂತ ಒಲೆ ಇಲ್ಲಮ್ಮ," ಅಂದರು ಡಾಕ್ಟರಮ್ಮ. "ನಿಮ್ಮ ಜೀವಕೋಶದೊಳಗೆ ಸೇರ್ಕೊಂಡು ನಿಮ್ಮೊಲೇಲೇ ಬೇಯಿಸ್ಕೊಳ್ಳುತ್ತೆ. ಕೋಶ ಎರಡಾದ್ರೆ ಅದೂ ಎರಡಾಗುತ್ತೆ. ಗಂಡ ಹೆಂಡ್ತಿ ಸೇರಿದಾಗ ಬರುತ್ತೆ, ವರ್ಷಗಟ್ಟಲೆ ಸದ್ದಿಲ್ದೆ ಕೂತಿರುತ್ತೆ."

ನಾನು ಕಂಡ ಗಂಡಸು ನೀವೊಬ್ಬರೇ.

ಅದು ಕ್ಯಾನ್ಸರಿಗೆ ತಿರುಗಿದೆಯೋ ಅಂತ ನೋಡುವ ಮುಂದಿನ ಪರೀಕ್ಷೆಗೆ ಮನೆಯವರು ಯಾರಾದರೂ ಜೊತೆಗಿರಬೇಕಂತೆ. ನಿಮ್ಮಮ್ಮ "ಏನಂದ್ಲೇ ಡಾಕ್ಟ್ರಮ್ಮ?" ಅಂದರು. "ರಕ್ತ ಕಮ್ಮಿಯಂತೆ ಕಣತ್ತೆ" ಅಂದೆ. ನಿಜ ಹೇಳಿದರೆ ನಿಮ್ಮ ಹೆಸರು ಕೆಡುತ್ತದೆ, ಇಲ್ಲವೇ ನನ್ನದು. ಹೇಳದಿದ್ದರೆ ಪರೀಕ್ಷೆಯಿಲ್ಲ.

ನಾಳೆ ಮಹಾಲಯ ಅಮಾವಾಸ್ಯೆ, ನಿಮಗೆ ಎಡೆ ಇಡುತ್ತೇನೆ. ನಮ್ಮ ಒಲೆಗೆ ಬರುವ ಮುಂಚೆ ಅದು ಯಾರ ಒಲೆಯಲ್ಲಿತ್ತು? ಕಾಗೆಯ ಕೈಲಾದರೂ ಉತ್ತರ ಕಳಿಸಿ.