ಬೆನ್ನಿಗೆ ಹತ್ತದ ಮಣ್ಣು

ಖಾನಾಪುರ
೧೪ ಮಾರ್ಚ್ ೧೯೭೮

ಸಂಪಾದಕರಿಗೆ ನಮಸ್ಕಾರ.

ನಿನ್ನೆ ಫೋನಿನಲ್ಲಿ ಹೇಳಿದ ಕುಸ್ತಿ ವರದಿಗೆ ಇವತ್ತು ‘ಗುರುಪುತ್ರಪ್ಪ ಚಿತ್’ ಎಂಬ ತಲೆಬರಹ ಬಂದಿದೆ. ಅದು ನನ್ನದಲ್ಲ. ಪೈಲ್ವಾನ ಗುರುಪುತ್ರಪ್ಪ ಕುಸ್ತಿಯ ನಡುವೆ ಎದೆ ಹಿಡಿದುಕೊಂಡು ಬೋರಲು ಬಿದ್ದ. ಎದುರಾಳಿ ಮೈಲಾರಲಿಂಗನೇ ಅವನನ್ನು ಹೊತ್ತು ಓಡಿದ. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು. ಬೋರಲು ಬಿದ್ದವನು ಸೋತಂತಲ್ಲ. ಚಿತ್ ಎನ್ನಲು, ಸೋಲೆನ್ನಲು ಬೆನ್ನಿಗೆ ಮಣ್ಣು ಹತ್ತಬೇಕು.

ಮಧ್ಯಾಹ್ನ ಅವನನ್ನು ಮಣ್ಣು ಮಾಡುವಲ್ಲಿಗೆ ಹೋಗಿದ್ದೆ. ಅವನ ತಾಯಿ ಶಿವಬಸವ್ವ ಅಳುತ್ತಿರಲಿಲ್ಲ.

“ಪೇಪರದಾಗ ಬಂದದ್ದನ್ನ ಊರು ಖರೇ ಅಂತೈತ್ರಿ. ನೀವು ಅಲ್ಲೇ ಇದ್ರಿ. ನನ್ನ ಮಗನ ಬೆನ್ನಿಗೆ ಮಣ್ಣು ಹತ್ತಿತ್ತೇನ್ರಿ?” ಎಂದು ಕೇಳಿದರು.

“ಇಲ್ಲ ಯವ್ವಾ” ಎಂದೆ.

ಇಷ್ಟು ವರ್ಷ ನಿಮ್ಮಲ್ಲಿ ಕುಸ್ತಿ ಬರೆದಿದ್ದೇನೆ, ತಲೆಬರಹಕ್ಕೆ ಎಂದೂ ತಕರಾರು ತೆಗೆದವನಲ್ಲ. ಈ ಪತ್ರ ಸಂಜೆಯ ಬೆಳಗಾವಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬರುತ್ತದೆ. ನಾಳೆ ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಹಾಕಿರಿ. ಅಲ್ಲಿಯವರೆಗೆ ನನ್ನಿಂದ ಬೇರೆ ವರದಿ ಬರುವುದಿಲ್ಲ.

ನಮ್ಮ ಲಿಂಗಾಯತ ಪದ್ಧತಿಯಂತೆ ಅವನನ್ನು ಕೂರಿಸಿಯೇ ಮಣ್ಣು ಮಾಡಿದೆವು. ಅಲ್ಲಿಯೂ ಅವನ ಬೆನ್ನು ನೆಲ ಮುಟ್ಟಿಲ್ಲ.

ನಿಮ್ಮ ಕುಸ್ತಿ ವರದಿಗಾರ,
ಚನ್ನಬಸಯ್ಯ